ಲೆಕ್ಕಕ್ಕೆ ಸಿಗದ 190 ಶಾಫ್ಟ್‌ಗಳು

ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಸ್ಟೋರ್ಸ್ ನನ್ನ ಜವಾಬ್ದಾರಿ. ಶಾಫ್ಟ್‌ಗಳಿಗೆ ಟರ್ನಿಂಗ್, ಗ್ರೈಂಡಿಂಗ್ ಮುಗಿಸಿ ಹಾರ್ಡ್ ಕ್ರೋಮ್ ಪ್ಲೇಟಿಂಗ್‌ಗೆ ಹೊರಗೆ ಕಳಿಸುತ್ತೇವೆ. ಹೋಗುವಾಗ ಚಲನ್, ಬರುವಾಗ ಗೇಟ್ ಎಂಟ್ರಿ. ಹೀಗೆ ಜಾಬ್‌ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕೆಂದು ಜಿಎಸ್‌ಟಿ ಕಾಯ್ದೆಯ 143ನೇ ಕಲಮು ಹೇಳುತ್ತದೆ. ಬಾರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ತೆರಿಗೆ, ಅದರ ಮೇಲೆ ಬಡ್ಡಿ.

ಎಲ್ಲವೂ ಒಂದೇ ಕಡೆ ಇರಲಿ ಎಂದು ಸಲಹೆಗಾರರೊಬ್ಬರು ಮಾಲೀಕರನ್ನು ಒಪ್ಪಿಸಿ, ಆನ್‌ಲೈನ್‌ನಲ್ಲಿ ದಾಖಲೆ ಬರೆದಿಡುವ ಒಂದು ತಂತ್ರಾಂಶ ಹಾಕಿಸಿದರು. ಮೆಷಿನ್ ಸೆಟ್ಟಿಂಗ್, ಪ್ಯಾಕಿಂಗ್ ವಿಧಾನ, ಹೊಸಬರಿಗೆ ಸೂಚನೆ ಎಲ್ಲ ಅದರಲ್ಲಿ ಚೆನ್ನಾಗಿಯೇ ಕೂತವು. ಚಲನ್‌ಗಳಿಗೂ ಅಲ್ಲೇ ಒಂದು ಟೇಬಲ್ ಮಾಡಿ ಎಂದರು. ಬೇಡ ಸಾರ್ ಎಂದೆ. ಕೇಳಲಿಲ್ಲ.

ಆಡಿಟ್ ಬಂತು. ಒಂದು ಚಲನ್‌ನಲ್ಲಿ 300 ಶಾಫ್ಟ್ ಹೋಗಿದ್ದವು, ಟೇಬಲ್‌ನಲ್ಲಿ ವಾಪಸ್ ಬಂದದ್ದು 110. ವರ್ಷ ದಾಟಿತ್ತು. "ಉಳಿದ 190 ಎಲ್ಲಿ ಮೇಡಂ?" ಎಂದು ಆಡಿಟರ್ ಕೇಳಿದಾಗ ಮಾಲೀಕರು ನನ್ನ ಮುಖ ನೋಡಿದರು. ಕದ್ದು ಮಾರಿದಳೇ ಎಂಬ ನೋಟ ಅದು. ಊಟ ಗಂಟಲಲ್ಲಿ ಇಳಿಯಲಿಲ್ಲ. ಸೆಕ್ಯೂರಿಟಿಯವರ ಹಳೆಯ ಗೇಟ್ ಪುಸ್ತಕಗಳನ್ನು ಹರವಿಕೊಂಡು ಕೂತೆ. ಎಣ್ಣೆಗೈ ತಾಗಿದ ಹಾಳೆಗಳಲ್ಲಿ ಕೊನೆಗೂ ಸಿಕ್ಕಿತು: ಮೊದಲ ಗಾಡಿಯಲ್ಲಿ 180, ಎರಡನೆಯದರಲ್ಲಿ 110. ಟೇಬಲ್‌ನಲ್ಲಿ ಯಾರೋ 180 ಅಳಿಸಿ ಅದೇ ಜಾಗದಲ್ಲಿ 110 ಬರೆದಿದ್ದರು. ನಿಜವಾದ ಬಾಕಿ 10. ಕ್ರೋಮ್ ಸುಲಿದು ಪ್ಲೇಟಿಂಗ್‌ನವರ ಶೆಡ್ಡಿನಲ್ಲೇ ಬಿದ್ದಿದ್ದವು. ಅವುಗಳ ತೆರಿಗೆ, ಬಡ್ಡಿ ಕಟ್ಟಿದೆವು. ಬರೆಯುವ ಪುಟಕ್ಕೆ 180 ಕೂಡ ಒಂದು ಪದ ಅಷ್ಟೇ, ಯಾರು ಅಳಿಸಿದರೂ ಅಳಿಸಿಕೊಳ್ಳುತ್ತದೆ.

ಆಮೇಲೆ ಆಪ್ ಕಟ್ಟುವ ಸಾಧನವಾದ ಆಪ್‌ಶೀಟ್‌ನಲ್ಲಿ ಚಲನ್‌ಗೆಂದೇ ಒಂದು ಆಪ್ ಮಾಡಿಸಿದೆವು. ಪ್ರತಿ ಗಾಡಿಗೂ ಹೊಸ ಸಾಲು. ಸೇರಿಸಬಹುದು, ಹಳೆಯದನ್ನು ತಿದ್ದುವಂತಿಲ್ಲ. ಹೋದದ್ದಕ್ಕಿಂತ ಹೆಚ್ಚು ಬಂದಿದೆ ಎಂದು ಒತ್ತಿದರೆ ಸೇವ್ ಆಗುವುದಿಲ್ಲ. ಗೇಟಿನಲ್ಲಿ ನೆಟ್‌ವರ್ಕ್ ಹೋದರೂ ಎಂಟ್ರಿ ಫೋನಿನಲ್ಲಿ ಉಳಿದು ಆಮೇಲೆ ಸಿಂಕ್ ಆಗುತ್ತದೆ. ಹತ್ತು ತಿಂಗಳು ದಾಟಿದ ಚಲನ್‌ಗೆ ಮೇಲ್ ಬರುತ್ತದೆ.

ಇದನ್ನು ಕಂಡ ಮಾಲೀಕರು ಮೆಷಿನ್ ಸೂಚನೆಗಳನ್ನೂ ಆಪ್‌ಗೇ ಹಾಕಿಬಿಡಿ ಎಂದರು. ಈ ಸಲ ನಾನು ಪಟ್ಟು ಬಿಡಲಿಲ್ಲ. ಹೊಸ ಗ್ರೈಂಡಿಂಗ್ ವೀಲನ್ನು ಕೂರಿಸುವ ಮುನ್ನ ಮೆಲ್ಲಗೆ ತಟ್ಟಿ ನಾದ ಕೇಳಬೇಕು; ಸದ್ದು ಮಂಕಾಗಿದ್ದರೆ ಬಿರುಕಿದೆ, ಹಾಕಿದರೆ ಸಿಡಿದೀತು. ಇದನ್ನು ಹುಡುಗರು ಚಿತ್ರ ನೋಡಿ, ನಿಧಾನವಾಗಿ ಓದಿ ತಿಳಿಯಬೇಕು. ಫಾರಂನ ಸಣ್ಣ ಚೌಕದಲ್ಲಿ ಯಾರೂ ಓದುವುದಿಲ್ಲ. ಹಾಗಾಗಿ ಸೂಚನೆಗಳು ಹಳೆಯ ತಂತ್ರಾಂಶದಲ್ಲೇ ಇವೆ, ಚಲನ್‌ಗಳು ಆಪ್‌ನಲ್ಲಿ. ಎರಡಕ್ಕೂ ತಿಂಗಳ ಹಣ ಏಕೆಂದು ಮಾಲೀಕರು ಗೊಣಗುತ್ತಾರೆ. ನಾನು ಬಿಡದೆ ಕಟ್ಟಿಸುತ್ತೇನೆ.