ಮೈಸೂರಿನಲ್ಲಿ ಮೋಟಾರಿನ ಆಯುಸ್ಸು

ಮೈಸೂರಿನ ಹಳೆಯ ಬಡಾವಣೆಗಳಾದ ಲಕ್ಷ್ಮೀಪುರಂ, ಚಾಮುಂಡಿಪುರಂ, ಯಾದವಗಿರಿಗಳಲ್ಲಿ ಪ್ರಾತಃಕಾಲ ಸಂಚರಿಸುವವರಿಗೆ ಒಂದು ನೋಟವು ತಪ್ಪದೆ ದೊರೆಯುವುದು. ಹೆಂಚಿನ ಮನೆ, ಮುಂದೆ ಸಂಪಿಗೆಯದೋ ಮಾವಿನದೋ ಒಂದು ಮರ, ಪಕ್ಕದಲ್ಲಿ ತಗಡಿನ ಚಪ್ಪರ, ಚಪ್ಪರದ ಕೆಳಗೆ ಹಚ್ಚಡ ಹೊದ್ದ ಒಂದು ಹಳೆಯ ಕಾರು. ಬೆಂಗಳೂರಿನಲ್ಲಾದರೆ ಅಷ್ಟು ಸ್ಥಳದಲ್ಲಿ ಮತ್ತೊಂದು ಮನೆಯನ್ನೇ ಎಬ್ಬಿಸಿಬಿಡುತ್ತಿದ್ದರು. ಇಲ್ಲಿಯ ಗೃಹಸ್ಥನಾದರೋ ಅದನ್ನು ಕರಾವು ನಿಂತ ಹಸುವಿನಂತೆ ಇಟ್ಟುಕೊಂಡಿರುವನು. ಮಾರಲು ಮನಸ್ಸು ಬಾರದು, ಸಾಕಲು ಖರ್ಚು ತಪ್ಪದು.

ಇಂಥ ವಾಹನವನ್ನು ಇನ್ನೆಷ್ಟು ಕಾಲ ನಂಬಬಹುದು ಎಂಬ ಪ್ರಶ್ನೆಯು ಈ ವರ್ಷ ನಮ್ಮ ಮನೆಗೂ ಬಂದಿರುವುದು. ನಮ್ಮದು ೨೦೦೬ರಲ್ಲಿ ಕೊಂಡ ಮಧ್ಯಮ ಗಾತ್ರದ ಪೆಟ್ರೋಲ್ ಕಾರು. ಅದರ ಹೆಸರು ಇಲ್ಲಿ ಅಪ್ರಸ್ತುತ. ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಗೆಯವರಿಗೆ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಆರು ಗಂಟೆಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಚಿಕಿತ್ಸೆ. ಆಟೋರಿಕ್ಷಾದ ಕುಲುಕಾಟವನ್ನು ಅವರ ಬೆನ್ನು ತಡೆಯದು. ಈಗಿನ ಎತ್ತರದ ವಾಹನಗಳನ್ನು ಹತ್ತಲು ಮೊಣಕಾಲು ಒಪ್ಪದು. ಆದುದರಿಂದ ವಾರಕ್ಕೆರಡು ದಿನ ಐದೂವರೆ ಗಂಟೆಗೆ ಕೀಲಿ ತಿರುಗಿಸಿದೊಡನೆ ಇಂಜಿನ್ನು ಹೊತ್ತಿಕೊಳ್ಳಲೇಬೇಕು. ನಂಬಿಕೆಯೆಂದರೆ ನಮ್ಮ ಪಾಲಿಗೆ ಇಷ್ಟೇ.

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಅವಧಿ. ಅನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೧ರಲ್ಲಿ ನಾವು ಅದಕ್ಕಾಗಿ ತೆತ್ತ ಶುಲ್ಕ ೬೦೦ ರೂಪಾಯಿ. ೨೦೨೨ರ ಏಪ್ರಿಲಿನಲ್ಲಿ ಅದು ೫,೦೦೦ ಆಯಿತು. ೨೦೨೫ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ೧೦,೦೦೦ ಆಯಿತು. ಬೆಂಗಳೂರಿನಲ್ಲಿರುವ ನಮ್ಮ ಮಗನು ಹೊಸದನ್ನು ಕೊಳ್ಳಿರೆಂದು ಹೇಳುತ್ತಾನೆ. ನಿವೃತ್ತಿವೇತನದಲ್ಲಿ ಬದುಕುವವರಿಗೆ ಅದು ಕಿವಿಗೆ ಇಂಪಾದ ಉಪದೇಶವೇ ಸರಿ.

ಹಿಂದಿನ ಕಾರುಗಳೆಷ್ಟು ಗಟ್ಟಿಯಾಗಿದ್ದವೆಂದು ಮೈಸೂರಿನ ಹಿರಿಯರು ಹೇಳುವುದುಂಟು. ಅದರಲ್ಲಿ ಅರ್ಧ ಮಾತ್ರ ನಿಜ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನನುಸರಿಸಿದ ಅಂಬಾಸಿಡರ್ ಕಾರು ೧೯೫೭ರಿಂದ ೨೦೧೪ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದಿತು. ಬೇಸಗೆಯಲ್ಲಿ ಅಂಥ ಕಾರುಗಳ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಚಾಲಕನು ಕೆಳಗಿಳಿದು ಪಂಪಿಗೆ ಒದ್ದೆ ಬಟ್ಟೆಯನ್ನು ಸುತ್ತಿ, ಜ್ವರದ ಮಗುವಿಗೆ ಶುಶ್ರೂಷೆ ಮಾಡುವವನಂತೆ ಕಾದು ನಿಲ್ಲುತ್ತಿದ್ದನು. ಇದನ್ನು ದೃಢವಾದ ವಾಹನವೆನ್ನುವುದೆಂತು? ಆದರೂ ಅದು ಮೂವತ್ತು ನಾಲ್ವತ್ತು ವರ್ಷ ಬದುಕುತ್ತಿದ್ದಿತು. ದಶಕಗಳು ಕಳೆದರೂ ಅದರ ಒಡಲು ಹೆಚ್ಚಾಗಿ ಬದಲಾಗದೆ ಇದ್ದುದರಿಂದ ಒಂದರ ಭಾಗವು ಮತ್ತೊಂದಕ್ಕೆ ಒಪ್ಪುತ್ತಿತ್ತು. ನಾಲ್ಕು ಸ್ಪ್ಯಾನರು ಹಿಡಿದ ಮೇಸ್ತ್ರಿಯು ಮರದ ನೆರಳಿನಲ್ಲೇ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದನು. ಪದೇ ಪದೇ ಕೆಡುತ್ತಿತ್ತು, ಆದರೆ ಸಾಯುತ್ತಿರಲಿಲ್ಲ.

ಅದರ ಸಮಕಾಲೀನಳಾದ ಪದ್ಮಿನಿಯ ವಿಷಯದಲ್ಲಿ ಮೈಸೂರಿಗರಿಗೆ ತುಸು ಹೆಚ್ಚಿನ ಹಕ್ಕುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಾಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿ ಅಂಥದೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿಗಳಾದ ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರವು ನೆರವಿಗೆ ಮುಂದಾಯಿತು. ಬ್ರಿಟಿಷ್ ಪ್ರಭುತ್ವದ ಸಮ್ಮತಿ ಮಾತ್ರ ದೊರೆಯಲಿಲ್ಲ. ವಾಲಚಂದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಹೂಡಿದರು. ಮೋಟಾರಿನ ಸಂಸ್ಥೆಯು ೧೯೪೪ರಲ್ಲಿ ಮುಂಬಯಿಯಲ್ಲಿ ಜನ್ಮ ತಾಳಿತು. ಆ ಸಂಸ್ಥೆಯು ತಯಾರಿಸಿದ ಫಿಯಟ್ ಕಾರೇ ೧೯೭೪ರಿಂದ ಪ್ರೀಮಿಯರ್ ಪದ್ಮಿನಿಯೆಂಬ ಹೆಸರನ್ನು ಪಡೆಯಿತು. ಮೈಸೂರು ಸೀಮೆಯಲ್ಲಿ ಹುಟ್ಟಬೇಕಾಗಿದ್ದ ಕನ್ಯೆಯು ಕುರ್ಲಾದಲ್ಲಿ ಹುಟ್ಟಿ, ನಮ್ಮೂರಿಗೆ ಸೊಸೆಯಾಗಿ ಬಂದಳೆನ್ನಬಹುದು. ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯು ೨೦೨೩ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ಮಿತಿ ಮುಟ್ಟಿ ನಿವೃತ್ತಿ ಹೊಂದಿತು.

ವಾಹನದ ಆಯುಸ್ಸನ್ನು ಕುರಿತು ನಾವು ಓದಿರುವುದರಲ್ಲೆಲ್ಲಾ ಮಿಗಿಲಾದ ವಿಚಾರವು ಇರುವುದು ಮೋಟಾರಿನ ಪುಸ್ತಕದಲ್ಲಲ್ಲ, ಚರಕಸಂಹಿತೆಯಲ್ಲಿ. ಅಲ್ಲಿಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಕಾಲಮೃತ್ಯು, ಅಕಾಲಮೃತ್ಯುಗಳ ಪ್ರಶ್ನೆ ಬಂದಾಗ ಆತ್ರೇಯರು ಅಗ್ನಿವೇಶನಿಗೆ ಬಂಡಿಯ ಅಚ್ಚಿನ ದೃಷ್ಟಾಂತವನ್ನು ಕೊಡುತ್ತಾರೆ. ಒಳ್ಳೆಯ ಅಚ್ಚು ಸರಿಯಾಗಿ ನಡೆಸಿದರೆ ತನ್ನ ಪ್ರಮಾಣ ತೀರುವವರೆಗೆ ಸವೆದು ಮುಗಿಯುತ್ತದೆ; ಅದು ಕಾಲಮೃತ್ಯು. ಅತಿಭಾರ, ಹಳ್ಳದಿಣ್ಣೆಯ ದಾರಿ, ದಾರಿಯಲ್ಲದ ದಾರಿ, ಎಳೆಯುವ ಪಶುವಿನ ಅಥವಾ ನಡೆಸುವವನ ದೋಷ, ಕಡಾಣಿ ಕಳಚುವುದು, ಎಣ್ಣೆ ಹಚ್ಚದಿರುವುದು — ಇವುಗಳಿಂದಾದರೆ ನಡುವೆಯೇ ಮುರಿಯುತ್ತದೆ. ವೈದ್ಯನಿಗೆ ಉಪಮಾನವಾಗಿದ್ದುದು ನಮಗೆ ಉಪಮೇಯವೇ ಆಗಿರುವುದು.

ಮೈಸೂರಿನಲ್ಲಿ ಈ ಕಾರಣಗಳನ್ನು ಪರೀಕ್ಷಿಸಲು ಚಾಮುಂಡಿಬೆಟ್ಟಕ್ಕಿಂತ ಉತ್ತಮವಾದ ಸ್ಥಳವಿಲ್ಲ. ನಗರವು ಸಮುದ್ರಮಟ್ಟಕ್ಕಿಂತ ಸುಮಾರು ೭೭೦ ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ ಸುಮಾರು ೧,೦೬೦. ಸುತ್ತು ದಾರಿಯಲ್ಲಿ ಹೋಗುವ ಕಾರು ಸುಮಾರು ೩೦೦ ಮೀಟರ್ ಏರಬೇಕು. ಏರುವಾಗ ಉಷ್ಣಮಾಪಕದ ಮುಳ್ಳು ಎಲ್ಲಿ ನಿಲ್ಲುವುದೆಂಬುದರಿಂದ ರೇಡಿಯೇಟರಿನ ಯೋಗ್ಯತೆಯು ತಿಳಿಯುವುದು. ಇಳಿಯುವಾಗ ಚಾಲಕನ ಯೋಗ್ಯತೆಯು ತಿಳಿಯುವುದು. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಹಿಂದಿನವರ ನಿಯಮ. ಬ್ರೇಕನ್ನು ತುಳಿಯುತ್ತಲೇ ಇಳಿಯುವವರ ಗಾಡಿಯು ತಪ್ಪಲಿನಲ್ಲಿ ಸುಟ್ಟ ವಾಸನೆ ಬೀರುವುದನ್ನು ಯಾವ ಭಾನುವಾರ ಬೇಕಾದರೂ ಕಾಣಬಹುದು. ದೇವಿಯ ದರ್ಶನಕ್ಕೆ ಹೋದವರು ಧೂಪವನ್ನು ಹೀಗೂ ಹಾಕುವರು.

ನಮ್ಮ ಊರಿನ ಹವೆಯು ಕಾರಿಗೆ ಅನುಕೂಲವಾದುದು. ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರ್ ಮೀರಿದ ಮಳೆ, ಜೊತೆಗೆ ಉಪ್ಪುಗಾಳಿ. ಇಲ್ಲಿ ಸುಮಾರು ೮೦೦ ಮಾತ್ರ. ಇಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ತುಕ್ಕು ತಿಂದ ಒಡಲನ್ನು ಉಳಿಸುವುದು ಕಷ್ಟ. ಆದರೆ ಹಚ್ಚಡ ಹೊದಿಸಿ ನಿಲ್ಲಿಸಿದ ಮಾತ್ರಕ್ಕೆ ಕಾರು ಕ್ಷೇಮವಾಗಿರುವುದೆಂದು ತಿಳಿಯುವುದು ಸರಿಯಲ್ಲ. ನಿಂತ ಕಾರಿನಲ್ಲಿ ಬ್ಯಾಟರಿ ಬಳಲುವುದು, ಟೈರು ಬಿರಿಯುವುದು, ಇಲಿಗಳು ತಂತಿಯನ್ನು ಕಡಿಯುವುವು. ರಬ್ಬರು ಓಡಿದರೂ ಮುದಿಯಾಗುವುದು, ಓಡದಿದ್ದರೂ ಮುದಿಯಾಗುವುದು. ಆದುದರಿಂದ ಇಂಜಿನ್ನಿನ ಎಣ್ಣೆಯನ್ನು ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ, ಬದಲಿಸಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನೂ ಬದಲಿಸುವುದು ಒಳಿತು. ೨೦೨೩ರಿಂದ ಶೇಕಡ ೨೦ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ಕಾರಿನವರು ಇಂಧನದ ಕೊಳವೆಗಳ ಕಡೆಗೂ ಕಣ್ಣಿಡಬೇಕಾಗಿದೆ. ಎಥೆನಾಲ್ ನೀರನ್ನು ಸೆಳೆಯುವ ಸ್ವಭಾವದ್ದು, ಹಳೆಯ ಬಗೆಯ ರಬ್ಬರಿಗೆ ಹಿತವಲ್ಲ.

ನಾವು ಮೇಷ್ಟರಾಗಿದ್ದವರು, ಹಾಜರಿ ಪುಸ್ತಕವಿಲ್ಲದೆ ನಮಗೆ ಸಮಾಧಾನವಿಲ್ಲ. ಕಾರಿಗೂ ಒಂದನ್ನು ಇಟ್ಟಿದ್ದೇವೆ. ಅದರ ಪ್ರಕಾರ ಇಪ್ಪತ್ತು ವರ್ಷಗಳಲ್ಲಿ ೧,೮೦,೦೦೦ ಕಿಲೋಮೀಟರ್ ಓಡಿದೆ. ಟೈರುಗಳ ನಾಲ್ಕು ಜೊತೆ, ಬ್ಯಾಟರಿ ಐದು, ಕ್ಲಚ್ಚು ಒಂದು, ರೇಡಿಯೇಟರು ಒಂದು ಬದಲಾಗಿವೆ. ದಾರಿಯಲ್ಲಿ ನಿಂತುದು ಮೂರೇ ಸಲ: ಎರಡು ಸಲ ಬ್ಯಾಟರಿಯಿಂದ, ಒಂದು ಸಲ ಪೆಟ್ರೋಲ್ ಪಂಪಿನಿಂದ. ಅಂಬಾಸಿಡರಿನ ಕಾಲದವರು ಇದನ್ನು ಕೇಳಿದರೆ ನಂಬಲಾರರು.

ಈ ಪುಸ್ತಕವನ್ನು ಹಿಡಿದು ಕಳೆದ ತಿಂಗಳು ಬನ್ನಿಮಂಟಪದ ಕಡೆಯ ಒಂದು ಓಣಿಗೆ ಹೋದೆವು. ಅಲ್ಲಿ ನಮ್ಮ ಕಾರನ್ನು ಹದಿನೈದು ವರ್ಷದಿಂದ ಬಲ್ಲ ಮೇಸ್ತ್ರಿಯವರೊಬ್ಬರಿದ್ದಾರೆ. ಅವರು ಗಾಡಿಯನ್ನು ಮೇಲೆತ್ತಿಸಿ, ದೀಪ ಹಿಡಿದು ಅಡಿಯೆಲ್ಲವನ್ನೂ ನೋಡಿದರು.

“ಮೇಷ್ಟ್ರೇ, ಇಂಜಿನ್ನು ಗಟ್ಟಿಯಾಗಿದೆ. ಅಡಿ ತಗಡು ಎರಡು ಕಡೆ ತುಕ್ಕು ತಿಂದಿದೆ, ಬೆಸುಗೆ ಹಾಕಿಕೊಡ್ತೀನಿ. ನನಗೆ ಭಯ ಇರೋದು ಈ ಪೆಟ್ಟಿಗೇದು” ಎಂದು ಇಂಜಿನ್ನಿನ ಮಿದುಳೆನ್ನುವ ವಿದ್ಯುತ್ ಯಂತ್ರವನ್ನು ಬೆರಳಿನಿಂದ ತಟ್ಟಿದರು. “ಇದು ಕೆಟ್ಟರೆ ಹೊಸದು ಸಿಗಲ್ಲ. ಕಂಪನಿಯವರು ಕೊಡೋದು ನಿಲ್ಲಿಸಿದಾರೆ.”

“ನೀವು ರಿಪೇರಿ ಮಾಡಲಾಗದೆ?”

“ಅದನ್ನ ಬಿಚ್ಚೋಕೆ ನನ್ನ ಹತ್ರ ಸ್ಪ್ಯಾನರಿಲ್ಲ ಸ್ವಾಮಿ.”

ಚರಕರ ಪಟ್ಟಿಯಲ್ಲಿ ಇಲ್ಲದ ಕಾರಣವೊಂದು ಅಲ್ಲಿ ನಮಗೆ ದೊರೆಯಿತು. ಅಚ್ಚು ಮುರಿದರೆ ಊರ ಬಡಗಿಯು ಇನ್ನೊಂದನ್ನು ಕೆತ್ತಿಕೊಡುತ್ತಿದ್ದನು. ಹೊಸ ಕಾಲದ ಕಾರು ವರ್ಷಾನುಗಟ್ಟಲೆ ಕೆಡದೆ ಓಡುವುದು. ಆದರೆ ಕೆಟ್ಟ ದಿನ ಅದಕ್ಕೆ ಬಡಗಿಯಿಲ್ಲ.

ಮೇಸ್ತ್ರಿಯವರು ಬೆಂಗಳೂರಿನ ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗಳಿಗೆ ಹೇಳಿ ಕಳುಹಿಸಿ, ಅಪಘಾತದಲ್ಲಿ ಜಖಂಗೊಂಡು ಕಳಚಲ್ಪಟ್ಟ ಅದೇ ಮಾದರಿಯ ಕಾರಿನಿಂದ ಅಂಥ ಪೆಟ್ಟಿಗೆಯೊಂದನ್ನು ತರಿಸಿಕೊಟ್ಟರು. ನಮ್ಮ ಕೀಲಿಗೆ ಹೊಂದಿಸಿ, ಓಡಿಸಿ ನೋಡಿ, ಬಿಚ್ಚಿ ನಮ್ಮ ಕೈಗೆ ಒಪ್ಪಿಸಿದರು. ಅದೀಗ ಬಟ್ಟೆಯಲ್ಲಿ ಸುತ್ತಲ್ಪಟ್ಟು ನಮ್ಮ ಬೀರುವಿನಲ್ಲಿ ಪಂಚಾಂಗದ ಪಕ್ಕದಲ್ಲಿದೆ. ಬೆಸುಗೆಯ ಕೆಲಸವೂ ಮುಗಿದಿದೆ. ೧೦,೦೦೦ ರೂಪಾಯಿ ತೆತ್ತು ನವೀಕರಣಕ್ಕೆ ಅರ್ಜಿ ಕೊಟ್ಟಿದ್ದೇವೆ. ಮಂಜೂರಾದರೆ ಮುಂದಿನ ತಪಾಸಣೆ ೨೦೩೧ರಲ್ಲಿ. ಅತ್ತಿಗೆಯವರಿಗೆ ಆಗ ಎಂಬತ್ತಮೂರು ವರ್ಷ.