ಟೊಪ್ಪಿಗೆಯ ಜೋಪಾನ

ಮನುಷ್ಯನ ಉಡುಪುಗಳಲ್ಲಿ ತಲೆಯುಡುಗೆಗೆ ಇರುವಷ್ಟು ಮಾನವು ಬೇರೊಂದಕ್ಕಿಲ್ಲ. ಅಂಗಿ ಹರಿದರೆ ಬಡತನವೆನ್ನುವರು, ಧೋತರ ಮಾಸಿದರೆ ಸೋಮಾರಿತನವೆನ್ನುವರು. ರುಮಾಲು ಕೆಳಗೆ ಬಿದ್ದರೆ ಮಾತ್ರ ಮಾನವೇ ಬಿದ್ದಿತೆನ್ನುವರು. ಒಬ್ಬನನ್ನು ಮೋಸಗೊಳಿಸಿದುದಕ್ಕೂ ‘ಟೊಪ್ಪಿಗೆ ಹಾಕಿದ’ ಎಂದೇ ಕನ್ನಡಿಗರ ಮಾತು. ಇಂಥ ವಸ್ತುವು ತಲೆಯ ಮೇಲಿರುವ ತನಕ ಎಲ್ಲರ ಕಣ್ಣಿಗೂ ಬೀಳುವದು. ತಲೆಯಿಂದ ಇಳಿದ ಮೇಲೆ ಅದು ಎಲ್ಲಿರುವದು, ಹೇಗಿರುವದು ಎಂದು ವಿಚಾರಿಸುವವರು ವಿರಳ. ತಲೆಯೇ ಇಲ್ಲವಾದ ಮೇಲಂತೂ ಕೇಳುವದೇ ಬೇಡ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು 1997ರಿಂದ ಒಂದೇ ಜಿಲ್ಲೆಯ ಊರುಗಳು. 1948ಕ್ಕೆ ಮೊದಲು ಹಾಗಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಕೊಪ್ಪಳದ ಕಡೆಗೆ ಹೊರಟರೆ ನಿಜಾಮನ ಸೀಮೆ. ಒಂದು ದಿನದ ಚಕ್ಕಡಿಯ ದಾರಿಯಲ್ಲಿ ಇಷ್ಟು ದೊರೆತನಗಳಿದ್ದ ಮೇಲೆ ತಲೆಗಳ ಮೇಲೆಯೂ ಬಗೆಬಗೆಯ ಉಡುಗೆಗಳಿದ್ದುದರಲ್ಲಿ ಅಚ್ಚರಿಯೇನು? ಒಕ್ಕಲಿಗನಿಗೆ ಪಟಗ, ವಕೀಲನಿಗೆ ಪಗಡಿ, ಕುರುಬನಿಗೆ ಮಳೆಯಲ್ಲಿ ಕಂಬಳಿಯ ಕೊಪ್ಪೆ, ತೊಟ್ಟಿಲ ಕೂಸಿಗೆ ಕುಂಚಿಗೆ, ಕೆಲವು ಮುಸಲ್ಮಾನ ಗೃಹಸ್ಥರಿಗೆ ಗೊಂಡೆಯ ಕೆಂಪು ತುರ್ಕಿ ಟೊಪ್ಪಿಗೆ, ಶಾಲೆಯ ಮಾಸ್ತರರಿಗೂ ಕಚೇರಿಯ ಕಾರಕೂನರಿಗೂ ಕರಿಯ ಟೊಪ್ಪಿಗೆ. ಅಸಹಕಾರದ ಚಳವಳಿಯ ಕಾಲದಿಂದ ಬಿಳಿಯ ಖಾದಿ ಟೊಪ್ಪಿಗೆಯೂ ಬಂದು ಸೇರಿತು; 1924ರ ಬೆಳಗಾವಿಯ ಕಾಂಗ್ರೆಸ್ಸಿನ ಹೊತ್ತಿಗೆ ಅದು ಈ ಸೀಮೆಗೆ ಹೊಸದಾಗಿ ಉಳಿದಿರಲಿಲ್ಲ.

ಇವುಗಳಲ್ಲಿ ಅರಿವೆಯ ಉಡುಗೆಗಳಿಗೆ ಜೋಪಾನದ ಚಿಂತೆ ಅಷ್ಟಿಲ್ಲ. ರುಮಾಲಿನ ಆಕಾರವು ದಿನವೂ ಮುಂಜಾನೆ ತಲೆಯ ಮೇಲೆಯೇ ಹುಟ್ಟಿ ರಾತ್ರಿಗೆ ಬಿಚ್ಚಿಹೋಗುವದು. ಖಾದಿ ಟೊಪ್ಪಿಗೆಯನ್ನು ಒಗೆದು ಮಡಿಕೆ ಮಾಡಿ ಇಟ್ಟರಾಯಿತು. ಕರಿಯ ಟೊಪ್ಪಿಗೆ ಬೆವರನ್ನು ಹೀರಿಕೊಂಡು ಕೊಳೆಯನ್ನು ಮರೆಮಾಡುವದು, ಬಿಳಿಯದು ಕೊಳೆಯನ್ನು ಒಡನೆಯೇ ತೋರಿಸಿ ಒಗೆಯಿಸಿಕೊಳ್ಳುವದು ಎಂಬ ವಿಚಾರವನ್ನು ಗಾಂಧೀಜಿಯವರು ಕಾಕಾಸಾಹೇಬ ಕಾಲೇಲಕರರಿಗೆ ತಿಳಿಸಿದ್ದುಂಟು. ಆ ಮಾತು ನಿಜವೇ. ಒಗೆಯಲು ಬಾರದಿರುವದೇ ಫೆಲ್ಟಿನ ಟೊಪ್ಪಿಗೆಯ ಮೊದಲನೆಯ ತೊಡಕು. ತನ್ನ ಆಕಾರವನ್ನು ತಾನೇ ಹೊತ್ತುಕೊಂಡಿರಬೇಕಾದುದು ಎರಡನೆಯದು.

ಫೆಲ್ಟೆಂಬುದು ನೇಯ್ದ ಬಟ್ಟೆಯಲ್ಲ. ಬೆಟಗೇರಿಯ ನೇಕಾರನು ಅದನ್ನು ಕೈಯಲ್ಲಿ ಹಿಡಿದು ಹಾಸನ್ನೂ ಹೊಕ್ಕನ್ನೂ ಹುಡುಕಿದರೆ ಎರಡೂ ಸಿಕ್ಕಲಾರವು. ಉಣ್ಣೆಯ ಪ್ರತಿಯೊಂದು ಎಳೆಯ ಮೈಮೇಲೂ ಮೀನಿನ ಹುರುಪೆಯಂಥ ಸಣ್ಣ ಪದರುಗಳಿರುವವು. ಬಿಸಿನೀರು, ಸಾಬೂನು, ತಿಕ್ಕಾಟ ಈ ಮೂರೂ ಕೂಡಿದಾಗ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಮರಳಿ ಬಿಡದೆ ಗಟ್ಟಿಯಾಗುವವು. ಹೀಗಾದ ತಟ್ಟನ್ನು ಹಬೆಯಲ್ಲಿ ಮೆದುಮಾಡಿ, ಕಟ್ಟಿಗೆಯ ಅಚ್ಚಿಗೆ ಎಳೆದು, ಒಣಗಿಸಿ ಟೊಪ್ಪಿಗೆ ಮಾಡುವರು. ಬಿರುಸು ಬರಲೆಂದು ಅರಗನ್ನು ಸವರುವದೂ ಉಂಟು. ಬಿಸಿ ಮತ್ತು ತೇವಗಳಿಂದ ಬಂದ ಆಕಾರವು ಬಿಸಿ ಮತ್ತು ತೇವಗಳಿಂದಲೇ ಹೋಗುವದು. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ಗಾಳಿಯ ತೇವವನ್ನು ಕುಡಿದರೂ ಮುಟ್ಟಿದ ಕೈಗೆ ಒಣಗಿಯೇ ತೋರುವದು. ಆದುದರಿಂದ ಕೆಡುಕು ನಡೆಯುವಾಗ ಯಾರಿಗೂ ತಿಳಿಯುವದಿಲ್ಲ. ನಡೆದುಹೋದ ಮೇಲೆ ಎಲ್ಲರಿಗೂ ಕಾಣುವದು.

ಬೆಟಗೇರಿಯ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಆ ಮನೆಯ ಹಿರಿಯರು ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅವರ ತಮ್ಮ ಗದಗಿನ ಹತ್ತಿಯ ಪೇಟೆಯಲ್ಲಿ ದಲ್ಲಾಳಿ. ಅಣ್ಣನದು ಕರಿಯ ಫೆಲ್ಟಿನ ಟೊಪ್ಪಿಗೆ. ತಮ್ಮನದು ಮುಂಬಯಿಯಿಂದ ತಂದ, ಸುತ್ತಲೂ ಅಂಚುಳ್ಳ ಬೂದುಬಣ್ಣದ ಹ್ಯಾಟು. ಮಾಸ್ತರರು ಸಂಜೆ ಮನೆಗೆ ಬಂದೊಡನೆ ಟೊಪ್ಪಿಗೆಯನ್ನು ಎರಡೂ ಕೈಗಳಿಂದ ಇಳಿಸುವರು. ಒಂದೇ ಕೈಯಿಂದ ನೆತ್ತಿಯನ್ನು ಚಿವುಟಿ ತೆಗೆಯುವದನ್ನು ಅವರಲ್ಲಿ ಯಾರೂ ಕಂಡಿದ್ದಿಲ್ಲ. ಖಡುವಿನ ಹುಡಿಯನ್ನು ಮೆತ್ತನೆಯ ಕುಂಚದಿಂದ, ರೋಮದ ಓಟವನ್ನು ಅನುಸರಿಸಿ, ಝಾಡಿಸುವರು. ಬಳಿಕ ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ತಿರುವಿ, ಟೊಪ್ಪಿಗೆಯನ್ನು ಬೋರಲಾಗಿಸದೆ ಅಂಗಾತವಾಗಿ ಗೋಡೆಯ ಮಾಡದಲ್ಲಿ ಇಡುವರು. ಮಕ್ಕಳು ಅವರ ಬೆತ್ತವನ್ನು ಮುಟ್ಟಬಹುದಾಗಿತ್ತು, ಟೊಪ್ಪಿಗೆಯನ್ನು ಮುಟ್ಟಲಾಗದು. ಒಮ್ಮೆ ಅದನ್ನು ತಲೆಗೆ ಹಾಕಿಕೊಂಡು ಓಣಿಗೆ ಹೋದ ಹಿರಿಯ ಮಗನು ಅದೇ ಬೆತ್ತದ ರುಚಿಯನ್ನು ಕಂಡಿದ್ದನು. ತಮ್ಮನ ರೀತಿಯು ಬೇರೆ. ಅವರು ಹೊಸ್ತಿಲು ದಾಟಿದೊಡನೆ ಹ್ಯಾಟನ್ನು ಪಡಸಾಲೆಯ ಗೂಟಕ್ಕೆ ಒಗೆಯುವರು. ಅದು ಗೂಟಕ್ಕೆ ಸಿಕ್ಕರೆ ಆ ದಿನ ಹತ್ತಿಯ ಧಾರಣಿ ಏರಿತೆಂದು ಮನೆಯವರು ನಗುವರು.

ಇಬ್ಬರೂ ತೀರಿಕೊಂಡರು. ತಮ್ಮನ ಹ್ಯಾಟು ಗೂಟದ ಮೇಲೆಯೇ ಉಳಿಯಿತು. ಮಾಸ್ತರರ ಟೊಪ್ಪಿಗೆಯನ್ನು ಅವರ ಹೆಂಡತಿ, ಮಕ್ಕಳೆಲ್ಲ ಅವ್ವ ಎನ್ನುವ ಆ ಮುದುಕಿ, ತನ್ನ ಇಳಕಲ್ಲ ಸೀರೆಯಲ್ಲಿ ಸುತ್ತಿ ತಗಡಿನ ಟ್ರಂಕಿನ ಬುಡದಲ್ಲಿಟ್ಟು, ಯಾರ ಕೈಗೂ ಸಿಗದಿರಲೆಂದು ಮೇಲೆ ಕಂಬಳಿಗಳನ್ನು ಹೇರಿದಳು. ಎರಡನೆಯ ವರ್ಷದ ಪುಣ್ಯಸ್ಮರಣೆಗೆ ಭಾವಚಿತ್ರದ ಮುಂದೆ ಇಡಬೇಕೆಂದು ಸೊಸೆಯು ಅದನ್ನು ಹೊರತೆಗೆದಾಗ ಗೋಡೆಗಳು ಕುಸಿದು ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಬೆವರಿನ ಕಲೆಯಿದ್ದ ಕಡೆ ನುಸಿ ಹತ್ತಿ ಕಡಲೆಯಷ್ಟು ತೂತೊಂದು ಬಿದ್ದಿತ್ತು. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಅವರ ತಲಿ ಇಷ್ಟ ಸಣ್ಣದಿತ್ತೇನ?” ಎಂದಳು. ಯಾರೂ ಉತ್ತರ ಕೊಡಲಿಲ್ಲ. ಆ ಸಲದ ಪುಣ್ಯಸ್ಮರಣೆಯು ಬರಿಯ ಭಾವಚಿತ್ರದೆದುರಿಗೇ ನಡೆಯಿತು.

ಗೂಟದ ಮೇಲಿನ ಹ್ಯಾಟಿನ ಗತಿಯೂ ಉತ್ತಮವಾಗಿರಲಿಲ್ಲ. ಅದರ ನೆತ್ತಿಯಲ್ಲಿ ಗೂಟದ ಮೊನೆಯು ಕೊಂಬಿನಂತೆ ಮೂಡಿತ್ತು, ಅಂಚು ಒಂದು ಪಕ್ಕಕ್ಕೆ ಜೋತಿತ್ತು, ಕಿಡಕಿಯ ಬಿಸಿಲು ಬೀಳುವ ಅರ್ಧಭಾಗವು ಬಣ್ಣಗೆಟ್ಟಿತ್ತು. ಒಂದು ಅಲಕ್ಷ್ಯದಿಂದ ಕೆಟ್ಟಿತು, ಇನ್ನೊಂದು ಅತಿ ಪ್ರೀತಿಯಿಂದ ಕೆಟ್ಟಿತು. ಮನೆಗಳಲ್ಲಿ ಎರಡನೆಯ ಬಗೆಯ ಕೇಡೇ ಹೆಚ್ಚೆಂದು ತೋರುವದು.

ಸೊಸೆಯು ನೊಂದುಕೊಂಡು, “ಅತ್ತಿ, ಸೋಪಿನ ನೀರಾಗ ಅದ್ದಿ ತೊಳದು ಬಿಸಲಿಗೆ ಹಾಕ್ತೀನ್ರಿ, ಸರಿ ಹೋದೀತು” ಎಂದಳು. “ಬ್ಯಾಡವಾ, ಅದರಾಗ ಅವರ ಬೆವರಿನ ವಾಸನಿ ಐತಿ” ಎಂದು ಅವ್ವ ಟೊಪ್ಪಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಸ್ತ್ರಶಾಸ್ತ್ರವನ್ನು ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದಾಗ ಈ ವ್ಯಾಜ್ಯವು ಅವಳ ಮುಂದೆ ಬಂದಿತು. ಬಿಸಿಯಾದ ಸೋಪಿನ ನೀರಿನಲ್ಲಿ ತಿಕ್ಕಿದರೆ ಫೆಲ್ಟು ಇನ್ನಷ್ಟು ಕುಗ್ಗುವದೆಂದು ಅವಳು ತಾಯಿಗೆ ಹೇಳಿದಳು. ಅಜ್ಜಿಗೆ ಹೇಳಬೇಕಾದ ಮಾತು ಹೆಚ್ಚು ಕಠಿಣವಾದುದು. ನುಸಿಯ ಪತಂಗವು ಏನನ್ನೂ ತಿನ್ನುವದಿಲ್ಲ. ಅದರ ಮರಿಹುಳುವೇ ಉಣ್ಣೆಯನ್ನು ತಿನ್ನುವದು. ಆ ಹುಳುವಿಗೆ ಕತ್ತಲೆ ಬೇಕು, ಯಾರೂ ಅಲುಗಿಸದ ಸ್ಥಳ ಬೇಕು, ಬೆವರಿನ ಕಲೆಯುಳ್ಳ ಉಣ್ಣೆ ಎಲ್ಲಕ್ಕಿಂತ ಹೆಚ್ಚು ಬೇಕು. ಯಾವ ವಾಸನೆಗಾಗಿ ಅವ್ವ ಟೊಪ್ಪಿಗೆಯನ್ನು ಬಚ್ಚಿಟ್ಟಿದ್ದಳೋ ಆ ವಾಸನೆಯೇ ನುಸಿಯನ್ನು ಕರೆದಿತ್ತು. ಅವ್ವ ಕೇಳಿ ಸುಮ್ಮನಾದಳು. ಬಳಿಕ ತಾನಾಗಿಯೇ ಟೊಪ್ಪಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟಳು.

ಹುಡುಗಿಯು ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಎರಡು ವಾರ ಇಟ್ಟಳು. ಆ ಚಳಿಗೆ ಹುಳುವೂ ತತ್ತಿಯೂ ಸಾಯುವವು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಲಿಲ್ಲ, ಯಾಕಂದರೆ ತಣ್ಣನೆಯ ಉಣ್ಣೆಯ ಮೇಲೆ ಬೆಚ್ಚನೆಯ ಗಾಳಿಯ ನೀರು ಕೂಡುವದು. ಬಳಿಕ ಕುಂಚದಿಂದ ಝಾಡಿಸಿ, ಚರ್ಮದ ಪಟ್ಟಿಯನ್ನು ಮಾತ್ರ ಹಿಂಡಿದ ಅರಿವೆಯಿಂದ ಒರೆಸಿ, ನೀರು ಕುದಿಯುವ ಪಾತ್ರೆಯಿಂದ ಗೇಣುದ್ದ ಮೇಲೆ ಹಿಡಿದು ಹೊರಮೈಗಷ್ಟೇ ಹಬೆ ತಾಗಿಸಿದಳು. ಒಳಗೆ ರಟ್ಟಿನ ಪಟ್ಟಿಯಿತ್ತು. ಹಬೆ ಹೆಚ್ಚಾದರೆ ಅದು ಮೆತ್ತಗಾಗಿ ಟೊಪ್ಪಿಗೆಯು ನಿಲ್ಲದೆ ಹೋಗುವದು.

ಆದರೆ ಅಚ್ಚು ಎಲ್ಲಿ? ತಂಬಿಗೆಯು ಸಣ್ಣದಾಯಿತು, ಗಡಿಗೆಯು ದೊಡ್ಡದಾಯಿತು. ಮೇಲಾಗಿ ಮನುಷ್ಯನ ತಲೆಯು ಗಡಿಗೆಯಂತೆ ದುಂಡಗಿಲ್ಲ, ಉದ್ದಗೋಲಾಗಿರುವದು. ಆಗ ಅವ್ವ ಮೂಲೆಯಲ್ಲಿ ಕುಳಿತ ಹಿರಿಯ ಮಗನ ಕಡೆಗೆ ಬೆರಳು ಮಾಡಿ, “ಅವನ ತಲಿ ಅವರಂಗನ ಐತಿ, ಹಾಕು” ಎಂದಳು. ಅರವತ್ತು ದಾಟಿದ ಆ ಗೃಹಸ್ಥನು ಹಿಂದೆ ಸರಿದನು. ಬೆತ್ತವು ಮನೆಯಲ್ಲಿ ಉಳಿದಿರಲಿಲ್ಲ, ಬೆತ್ತದ ಅಂಜಿಕೆ ಉಳಿದಿತ್ತು. ಕಡೆಗೆ ತಾಯಿಯ ಮಾತನ್ನು ಮೀರಲಾರದೆ ಪಡಸಾಲೆಯ ನಡುವೆ ಕುಳಿತನು. ಮಗಳು ಹಸಿಬೆಚ್ಚಗಿನ ಟೊಪ್ಪಿಗೆಯನ್ನು ಅವನ ತಲೆಗೇರಿಸಿ ಬೆರಳುಗಳಿಂದ ಗೋಡೆಗಳನ್ನು ಎತ್ತಿ ನಿಲ್ಲಿಸಿದಳು. ಒಣಗುವ ತನಕ ಅಲುಗಾಡಬಾರದೆಂದು ಅಪ್ಪಣೆಯಾಯಿತು. ಒಂದು ತಾಸು ಅವನು ಕೊರಳನ್ನು ನೆಟ್ಟಗೆ ಮಾಡಿ ಶಾಲೆಯ ಹುಡುಗನಂತೆ ಕೈಕಟ್ಟಿ ಕುಳಿತನು. ಎದುರಿಗೆ ಅವ್ವ ಕುಳಿತಿದ್ದಳು. ನಡುವೆ ಒಮ್ಮೆ ಎದ್ದು ಬಂದು ಟೊಪ್ಪಿಗೆಯನ್ನು ಎಡಕ್ಕೆ ಕೂದಲೆಳೆಯಷ್ಟು ಓರೆಮಾಡಿ ಹೋದಳು. ಮಾಸ್ತರರು ಹಾಗೆಯೇ ಇಟ್ಟುಕೊಳ್ಳುತ್ತಿದ್ದರಂತೆ.

ಅಂದಿನಿಂದ ಆ ಮನೆಯಲ್ಲಿ ಟೊಪ್ಪಿಗೆಗಳಿಗೆ ಒಂದು ಕ್ರಮವಿದೆ. ಹಳೆಯ ಟೊಪ್ಪಿಗೆಯುಳ್ಳ ಬೇರೆ ಮನೆಗಳವರಿಗೂ ಅದು ಉಪಯೋಗವಾದೀತು. ಇಡುವ ಮೊದಲು ಝಾಡಿಸಿ, ಒಳಪಟ್ಟಿಯನ್ನು ಹೊರತಿರುವಿ, ನೆರಳಿನಲ್ಲಿ ಎರಡು ದಿನ ಆರಿಸಬೇಕು. ಗೂಟಕ್ಕೆ ಸಿಕ್ಕಿಸಬಾರದು, ಮೇಲೆ ಭಾರ ಹೇರಬಾರದು. ಅಂಚುಳ್ಳ ಹ್ಯಾಟನ್ನು ಅಂಚಿನ ಮೇಲೆ ಕೂಡ್ರಿಸಿದರೆ ಅದರ ಭಾರಕ್ಕೆ ಅಂಚೇ ಮಟ್ಟಸವಾಗಿಬಿಡುವದು. ಅಂಗಾತವಾಗಿ ನೆತ್ತಿಯ ಮೇಲೆ ಇಡಬೇಕು. ಒಳಗೆ ತೊಳೆದು ಒಣಗಿಸಿದ ಹಳೆಯ ಧೋತರದ ತುಂಡನ್ನಾಗಲಿ ಬಿಳಿಯ ಕಾಗದವನ್ನಾಗಲಿ ಬಿಗಿಯದೆ ತುಂಬಬೇಕು. ವರ್ತಮಾನಪತ್ರದ ಮಸಿ ಹತ್ತುವದು. ಟೊಪ್ಪಿಗೆಗಿಂತ ಅಗಲವಾದ ರಟ್ಟಿನ ಡಬ್ಬಿ ಒಳ್ಳೆಯದು. ಮಳೆಗಾಲದಲ್ಲಿ ಪ್ಲಾಸ್ಟಿಕ್ಕು ತೇವವನ್ನು ಒಳಗೇ ಹಿಡಿದಿಡುವದು. ಬೇಸಿಗೆಯಲ್ಲಿ ತಗಡಿನ ಟ್ರಂಕು ಕಾದು ಅರಗನ್ನು ಮೆತ್ತಗೆ ಮಾಡುವದು. ಒಲೆಯ ಗೋಡೆಯಿಂದಲೂ ಬಚ್ಚಲಿನಿಂದಲೂ ದೂರವಿಡಬೇಕು. ಬೇವಿನೆಲೆಯು ಪತಂಗವನ್ನು ಹಿಮ್ಮೆಟ್ಟಿಸಬಹುದು, ಒಳಗಿರುವ ಹುಳುವನ್ನು ಕೊಲ್ಲುವದೆಂದು ನಂಬಬಾರದು. ಡಾಂಬರಗುಳಿಗೆಯು ಮುಚ್ಚಿದ ಡಬ್ಬಿಯಲ್ಲಿ ಕೆಲಸ ಮಾಡುವದು ನಿಜ. ಆದರೆ ಅದರ ಹೊಗೆಯು ಕೆಲವು ಎಳೆಗೂಸುಗಳ ರಕ್ತಕ್ಕೆ ಹಾನಿ ಮಾಡುವದರಿಂದ ತೊಟ್ಟಿಲಿರುವ ಮನೆಗೆ ಅದು ತಕ್ಕದ್ದಲ್ಲ. ಹಳೆಯ ವಿಲಾಯತಿ ಹ್ಯಾಟುಗಳಿದ್ದವರು ಇನ್ನೊಂದನ್ನು ನೆನಪಿಡಬೇಕು. ರೋಮದ ಫೆಲ್ಟನ್ನು ಮಾಡುವಾಗ ಪಾರಜದ ಲವಣವನ್ನು ಬಳಸುವ ಪದ್ಧತಿಯಿತ್ತು. ಅಮೇರಿಕೆಯಲ್ಲಿ ಅದು ನಿಂತದ್ದು 1941ರಲ್ಲಿ. ಅಂಥವನ್ನು ಕಾಸದೆ, ಹಬೆಗೆ ಹಿಡಿಯದೆ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳುವದೇ ಲೇಸು. ಇದನ್ನು ತಿಳಿದು ಮೊಮ್ಮಗಳು ದಲ್ಲಾಳಿಯ ಹ್ಯಾಟಿಗೆ ಹಬೆಯನ್ನು ಕೊಡಲಿಲ್ಲ. ಅದರ ಕೊಂಬು ಹಾಗೆಯೇ ಉಳಿದಿದೆ.

ಇಷ್ಟೆಲ್ಲಕ್ಕೂ ಮಿಗಿಲಾದ ಉಪಾಯವೆಂದರೆ ಆಗಾಗ ತೆಗೆದು ನೋಡುವದು. ಬೆಳಕೂ ಕೈಯ ಅಲುಗಾಟವೂ ನುಸಿಗೆ ಆಗದ ವಸ್ತುಗಳು. ಈಗ ಪ್ರತಿ ಅಮಾವಾಸ್ಯೆಗೆ ಹಿರಿಯ ಮಗನು ಡಬ್ಬಿಯನ್ನು ಇಳಿಸಿ, ಎರಡೂ ಕೈಗಳಿಂದ ಟೊಪ್ಪಿಗೆಯನ್ನು ಎತ್ತಿ ಕುಂಚದಿಂದ ಝಾಡಿಸುವನು. ತೂತು ಮುಚ್ಚಿಲ್ಲ, ಅದನ್ನು ಹಿಂಬದಿಗೆ ಮಾಡಿ ಇಡುವರು. ಒರೆಸಿದ ಮೇಲೆ ವಾಸನೆಯು ಬಹಳ ಮಟ್ಟಿಗೆ ಹೋಗಿದೆ. ಆದರೂ ಅವ್ವ ಅದನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು, ಎರಡೂ ಅಂಗೈಗಳಿಂದ ಅದರ ಸುತ್ತಳತೆಯನ್ನು ನೋಡಿ, “ಹೂಂ, ಇಷ್ಟ ಇತ್ತು” ಎಂದು ಮಗನ ಕೈಗೆ ಮರಳಿ ಕೊಡುವಳು. ಅವನು ಅದನ್ನು ಅಂಗಾತವಾಗಿ ಡಬ್ಬಿಯಲ್ಲಿಟ್ಟು ಮುಚ್ಚುವನು.