ವೈದ್ಯನಿಗೆ ಎರಡನೆಯ ವಿದ್ಯೆ

ಮುಂಡಗೋಡ ತಾಲೂಕಿನ ಮಳಗಿಯ ಬಳಿ ಧರ್ಮಾ ಜಲಾಶಯವುಂಟು. ಅದರಲ್ಲಿ ಎಷ್ಟು ನೀರು ನಿಂತರೂ ಕಾಲುವೆಯಿಲ್ಲದೆ ಅದು ಹಾನಗಲ್ಲ ಸೀಮೆಯ ಹೊಲಗಳನ್ನು ಮುಟ್ಟಲಾರದು. ವೈದ್ಯಶಾಸ್ತ್ರದ ಪಾಂಡಿತ್ಯವೂ ಹಾಗೆಯೇ. ಅದನ್ನು ಜನರ ಮನೆಬಾಗಿಲಿಗೆ ಹರಿಸುವ ವಿದ್ಯೆಯೇ ಬೇರೆ.

ಇದು ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಅವುಗಳಲ್ಲಿ ವೈದ್ಯನಿಗೇ ಪ್ರಾಧಾನ್ಯವನ್ನು ಕೊಟ್ಟಿದೆ. ಅವನು ಅರಿಯುವವನು ಮಾತ್ರವಲ್ಲ, ಆಜ್ಞಾಪಿಸುವವನೂ ಉಳಿದ ಮೂರನ್ನು ಯೋಜಿಸುವವನೂ ಅಹುದೆಂಬುದೇ ಅದಕ್ಕೆ ಕಾರಣ. ಅರಿವನ್ನು ಇಂದಿನ ವೈದ್ಯಕೀಯ ಮಹಾವಿದ್ಯಾಲಯಗಳು ಚೆನ್ನಾಗಿ ಕಲಿಸುತ್ತವೆ. ಆದರೆ ಹಣದ ಲೆಕ್ಕ, ಸಿಬ್ಬಂದಿಯ ಮೇಲ್ವಿಚಾರಣೆ, ಸರಕಾರದ ಕಟ್ಟಳೆ ಇವುಗಳನ್ನು ನಿರ್ವಹಿಸುವ ಬಗೆಗೆ ಆ ಪಾಠಗಳಲ್ಲಿ ದೊರೆಯುವ ಸ್ಥಾನವು ಅಲ್ಪವೇ.

ಇದರ ಅವಶ್ಯಕತೆಯನ್ನು ಘಟ್ಟದ ಮೇಲಿನ ಜನರಿಗೆ ಮಂಗನ ಕಾಯಿಲೆಯೇ ಬೋಧಿಸಿದೆ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಅಡವಿಯಲ್ಲಿ ಗೊತ್ತಾದ ಆ ಜ್ವರವು ೨೦೨೪ರಲ್ಲಿಯೂ ಸಿದ್ದಾಪುರ ಸೀಮೆಯನ್ನು ಕಾಡಿತು. ಅದನ್ನು ಗುಣಪಡಿಸುವ ನಿಶ್ಚಿತವಾದ ಔಷಧವಿಲ್ಲ. ಮಂಗಗಳು ಸತ್ತ ಸುದ್ದಿಯನ್ನು ಬೇಗನೆ ತರಿಸುವುದು, ಉಣುಗು ಕಚ್ಚದಂತೆ ಅಡವಿಗೆ ಹೋಗುವವರನ್ನು ಎಚ್ಚರಿಸುವುದು, ಅರಣ್ಯ, ಪಶುವೈದ್ಯ, ಆರೋಗ್ಯ ಇಲಾಖೆಗಳನ್ನು ಒಂದುಗೂಡಿಸುವುದು, ಇವೇ ಮುಖ್ಯವಾದ ರಕ್ಷಣೆಗಳು. ರೋಗಿಯ ಹಾಸಿಗೆಯ ಬಳಿ ನಿಂತು ನಾಡಿ ಹಿಡಿಯುವುದನ್ನಷ್ಟೇ ಕಲಿತವನಿಂದ ಈ ಕಾರ್ಯವು ನಡೆದೀತೇ?

ಅಮೇರಿಕದಲ್ಲಿ ವೈದ್ಯಪದವಿಯೊಡನೆ ಸಂಶೋಧನೆಯ ಡಾಕ್ಟರೇಟನ್ನು ಕಲಿಸುವುದಕ್ಕೆ ೧೯೬೪ರಿಂದಲೂ ಸರಕಾರದ ಧನಸಹಾಯವುಂಟು. ಸಾರ್ವಜನಿಕ ಆರೋಗ್ಯ, ವ್ಯವಹಾರಾಡಳಿತ ಇವುಗಳ ಪದವಿಯನ್ನು ಜೋಡಿಸುವ ವಿಶ್ವವಿದ್ಯಾಲಯಗಳೂ ಅಲ್ಲಿ ಅನೇಕವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ವೈದ್ಯ ಮತ್ತು ಸಂಶೋಧನೆಗಳ ಜೋಡುಪದವಿಯನ್ನುಳ್ಳ ವೈದ್ಯಶಾಲೆಯನ್ನು ಸ್ಥಾಪಿಸುವುದಾಗಿ ೨೦೨೨ರಲ್ಲಿ ಸಾರಿತು.

ಕನ್ನಡ ನಾಡಿನಲ್ಲಿಯೇ ಬೇರೊಂದು ಕ್ರಮದ ದೃಷ್ಟಾಂತವುಂಟು. ಮೈಸೂರು ವೈದ್ಯಕೀಯ ಮಹಾವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಡಾಕ್ಟರ್ ಆರ್. ಬಾಲಸುಬ್ರಹ್ಮಣ್ಯಂ ಅವರು ೧೯೮೪ರಲ್ಲಿ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಆರಂಭಿಸಿದರು. ಬಳಿಕ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ನೆಲೆಸಿ ಸೇವೆಗೈದರು. ಆಸ್ಪತ್ರೆಯ ಆಡಳಿತವನ್ನು ಪಿಲಾನಿಯ ಬಿರ್ಲಾ ಸಂಸ್ಥೆಯಿಂದಲೂ, ಸಾರ್ವಜನಿಕ ಆಡಳಿತವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಿಂದಲೂ ಪದವಿ ಪಡೆದು ಕಲಿತರು. ಹಾರ್ವರ್ಡಿಗೆ ಹೋಗುವ ಮುನ್ನ ಅವರ ಬೆನ್ನಿಗೆ ಕಾಡಿನ ಅನೇಕ ವರ್ಷಗಳ ಅನುಭವವಿದ್ದಿತು. ರೋಗಿಗೆ ಮದ್ದಿನಷ್ಟೇ ರಸ್ತೆ, ಅನ್ನ, ಅಕ್ಷರ ಇವೂ ಬೇಕೆಂಬುದನ್ನು ಕಂಡವನಿಗೆ ಆಡಳಿತದ ಗ್ರಂಥವು ಒಣ ಪಾಠವಾಗಿ ತೋರದು.

ಎರಡು ಪದವಿ ಪಡೆದವರು ಹಳ್ಳಿಯನ್ನು ಮರೆತು ನಗರದ ಗದ್ದುಗೆಯನ್ನೇ ಅರಸುವರೆಂದು ಹಿರಿಯರು ಶಂಕಿಸುವುದುಂಟು. ಶಂಕೆಯು ನಿರಾಧಾರವಲ್ಲ, ಆದರೆ ಆ ದೋಷವು ವಿದ್ಯೆಯದಲ್ಲ, ಅದನ್ನು ಪಡೆದ ಕ್ರಮದ್ದು. ಮಕ್ಕಳನ್ನು ವೈದ್ಯಶಿಕ್ಷಣಕ್ಕೆ ಕಳುಹಿಸುವ ತಂದೆತಾಯಿಗಳು, ಮೊದಲ ಪದವಿಯ ತರುವಾಯ ಕೆಲವು ವರ್ಷ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ದುಡಿದು ಅನಂತರ ಎರಡನೆಯದನ್ನು ಅರಸುವಂತೆ ಅವರಿಗೆ ಬುದ್ಧಿ ಹೇಳಬೇಕು. ಚರಕನು ಎಣಿಸಿದ ನಾಲ್ಕನೆಯ ಪಾದವಾದ ರೋಗಿಯ ಮುಖವು ಕಣ್ಣ ಮುಂದಿದ್ದರೆ, ಆಜ್ಞಾಪಿಸುವ ಅಧಿಕಾರವು ವೈದ್ಯನಿಗೆ ಭೂಷಣವೇ ಆಗುವುದು.